ಗೇಟಿನಿಂದ ಕ್ಲಾಸಿನವರೆಗೆ ನೆರಳಿದೆಯೆ? ಕಾಲೇಜು ಕ್ಯಾಂಪಸ್ಸಿಗೆ ನಾಲ್ಕು ಬಗೆಯ ವಿನ್ಯಾಸ, ಒಂದು ಹೋಲಿಕೆ

ಕಳೆದ ಆರು ತಿಂಗಳಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು: ನಮ್ಮ ಕ್ಯಾಂಪಸ್ಸಿಗೆ ಯಾವ ಬಗೆಯ ವಿನ್ಯಾಸ ಸರಿ? ಮಂಡ್ಯದ ಅಂಚಿನಲ್ಲಿ ಆರು ಎಕರೆ ಇಟ್ಟುಕೊಂಡಿರುವ ಒಂದು ಟ್ರಸ್ಟಿನವರು, ಪಾಂಡವಪುರದ ಕಡೆ ನಾಲೆ ಪಕ್ಕ ಇಪ್ಪತ್ತೈದು ಎಕರೆ ಗದ್ದೆ ಕೊಂಡವರು, ನಂಜನಗೂಡು ರಸ್ತೆಯ ಒಳಗೆ ಅರವತ್ತು ಎಕರೆ ಬಯಲಿನಲ್ಲಿ ವಿಶ್ವವಿದ್ಯಾಲಯವನ್ನೇ ಕಟ್ಟಲು ಹೊರಟವರು. ಎಲ್ಲರ ಕೈಯಲ್ಲೂ ನಕ್ಷೆ ಇತ್ತು. ಕಟ್ಟಡಗಳಿಗೆ ಗೆರೆ ಹಾಕಿ, ಮಿಕ್ಕ ಜಾಗಕ್ಕೆಲ್ಲ ಹಸಿರು ಬಳಿದು ‘ಲ್ಯಾಂಡ್‌ಸ್ಕೇಪ್’ ಎಂದು ಬರೆದಿದ್ದರು. ಆ ಹಸಿರಿನೊಳಗೆ ಏನು ಬರುತ್ತದೆ ಎಂದು ಕೇಳಿದರೆ ಒಂದೇ ಉತ್ತರ: ‘ಅದು ಆಮೇಲೆ ಸಾರ್, ಕಟ್ಟಡ ಮುಗಿದ ಮೇಲೆ ನರ್ಸರಿಯವರು ಬಂದು ಮಾಡಿಕೊಡ್ತಾರೆ.’

ಆ ‘ಆಮೇಲೆ’ಗೆ ನಾನೂ ದಂಡ ತೆತ್ತವನೇ. ವೃತ್ತಿಯ ಶುರುವಿನಲ್ಲಿ ಮದ್ದೂರಿನ ಕಡೆ ಒಂದು ಕಾಲೇಜಿನ ಕೆಲಸಕ್ಕೆ ಸೈಟ್ ನೋಡಿಕೊಳ್ಳುತ್ತಿದ್ದೆ. ಜೆಸಿಬಿ ಮೂರು ದಿನದಲ್ಲಿ ಇಡೀ ಹೊಲವನ್ನು ಮಟ್ಟ ಮಾಡಿತು. ಮೇಲ್ಮಣ್ಣು ಲಾರಿಯಲ್ಲಿ ಹೋಯಿತು, ನಡುವೆ ಇದ್ದ ಸಣ್ಣ ಹಳ್ಳ ಮುಚ್ಚಿತು. ನಕ್ಷೆ ಚೆನ್ನಾಗಿ ಕೂತಿತು, ಎಲ್ಲರಿಗೂ ಖುಷಿ. ಎರಡನೇ ವರ್ಷದ ಅಕ್ಟೋಬರಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಮೇಲಿನ ಹೊಲಗಳ ನೀರು ಹಳೆಯ ದಾರಿಯಲ್ಲೇ ಬಂತು. ಆ ದಾರಿಯ ಮೇಲೆ ನಾವು ಲೈಬ್ರರಿ ಕಟ್ಟಿದ್ದೆವು. ಬೆಳಿಗ್ಗೆ ಒದ್ದೆ ಪುಸ್ತಕಗಳನ್ನು ಹೊರಗೆ ಹರವುತ್ತಿದ್ದಾಗ ಅಲ್ಲಿನ ಮಾಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ನೀರ್ಗೆ ದಾರಿ ಗೊತ್ತು ಕನಾ ಸಾ, ನಿಮ್ಗೇ ಗೊತ್ತಿರ್ಲಿಲ್ಲ.’

ಹಾಗಾಗಿ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಂಪಸ್ಸಿನಲ್ಲಿ ನೀರಿನ ದಾರಿ ಮತ್ತು ನೆರಳಿನ ದಾರಿ ಮೊದಲು ಗೊತ್ತಾಗಬೇಕು, ಕಟ್ಟಡ ಅವುಗಳ ನಡುವೆ ಜಾಗ ಹುಡುಕಿಕೊಳ್ಳಬೇಕು. ಈ ಒಪ್ಪಂದವನ್ನು ಬೇರೆ ಬೇರೆ ವಿನ್ಯಾಸಗಳು ಬೇರೆ ಬೇರೆ ರೀತಿ ಮಾಡಿಕೊಳ್ಳುತ್ತವೆ. ಅವುಗಳಲ್ಲಿ ಯಾವುದು ನಿಮಗೆ ಎಂಬುದಷ್ಟೇ ಇಲ್ಲಿನ ವಿಚಾರ.

ಯಾವುದರಿಂದ ಅಳೆಯಬೇಕು

ನಾನು ಅಳೆಯುವುದು ಐದು ವಿಷಯದಿಂದ. ಐದಕ್ಕೂ ಒಂದೇ ತೂಕವಿಲ್ಲ.

ಮೊದಲನೆಯದು ಏಪ್ರಿಲ್ ಮಧ್ಯಾಹ್ನ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 22ರ ಆಸುಪಾಸಿನಲ್ಲೊಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲೊಮ್ಮೆ ನಡುಹಗಲ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗೆ ನೆರಳೇ ಬೀಳುವುದಿಲ್ಲ. ನೆರಳು ಬೇಕಾದರೆ ಮರ ಬೇಕು, ಇಲ್ಲವೆ ಸೂರು ಬೇಕು. ಮೂರು ಗಂಟೆಯ ಹೊತ್ತಿಗೆ ಪಶ್ಚಿಮದ ಗೋಡೆ ಕಾದ ಹೆಂಚು. ಇಂಥ ದಿನ ಮುಖ್ಯ ಗೇಟಿನಿಂದ ಕೊನೆಯ ಕ್ಲಾಸಿನವರೆಗೆ ಒಂದು ಹುಡುಗಿ ಕೊಡೆಯಿಲ್ಲದೆ ನಡೆದು ಬರಬಹುದೆ? ನನ್ನ ಪಟ್ಟಿಯಲ್ಲಿ ಇದಕ್ಕೇ ಹೆಚ್ಚು ಅಂಕ.

ಎರಡನೆಯದು ಸಂಜೆಯ ಗುಡುಗು ಮಳೆ. ನಮ್ಮ ಕಡೆ ಮಳೆ ತಿಂಗಳುಗಟ್ಟಲೆ ಜಿನುಗುವುದಕ್ಕಿಂತ ಮೇ ತಿಂಗಳಲ್ಲಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಂದೇ ಸಮನೆ ಬಂದು ಸುರಿದು ಹೋಗುವುದು ಹೆಚ್ಚು. ಆ ನೀರು ಎಲ್ಲಿಗೆ ಹೋಗುತ್ತದೆ, ಎಲ್ಲಿ ಇಂಗುತ್ತದೆ?

ಮೂರನೆಯದು ಹತ್ತನೇ ವರ್ಷ. ಉದ್ಘಾಟನೆಯ ಫೋಟೊ ಚೆನ್ನಾಗಿಯೇ ಬರುತ್ತದೆ. ಮಾಲಿಗಳು ಎಂಟರಿಂದ ಇಬ್ಬರಿಗೆ ಇಳಿದಾಗ, ಬೋರ್‌ವೆಲ್ ಕೈಕೊಟ್ಟಾಗ ಏನು ಉಳಿಯುತ್ತದೆ?

ನಾಲ್ಕನೆಯದು ನಡಿಗೆ. ಪೀರಿಯಡ್ಡುಗಳ ನಡುವೆ ಎಷ್ಟು ದೂರ, ಗಾಲಿಕುರ್ಚಿಗೆ ದಾರಿ ಇದೆಯೆ, ರಾತ್ರಿ ಲೈಬ್ರರಿಯಿಂದ ಹಾಸ್ಟೆಲ್ಲಿಗೆ ಹೋಗುವ ದಾರಿ ಹೇಗಿದೆ.

ಐದನೆಯದು ದುಡ್ಡು. ಕಟ್ಟುವಾಗಿನದಷ್ಟೇ ಅಲ್ಲ, ಮುಂದಿನ ಬ್ಲಾಕ್ ಸೇರಿಸುವಾಗಿನದೂ.

ಮುಂದೆ ಹುಲ್ಲುಹಾಸು, ಹಿಂದೆ ಕಂಬಸಾಲು

ಟ್ರಸ್ಟಿನವರ ಮನಸ್ಸು ಮೊದಲು ಓಡುವುದು ಇಲ್ಲಿಗೇ. ಅರಮನೆ ನೋಡಿಕೊಂಡು ಬೆಳೆದ ಊರು ನಮ್ಮದು, ತಪ್ಪೇನಿಲ್ಲ. ನೇರ ರಸ್ತೆ, ಎರಡೂ ಕಡೆ ಲಾನ್, ಕೊನೆಯಲ್ಲಿ ದೊಡ್ಡ ಕಟ್ಟಡ. ಮೈಸೂರಿನ ಚೆಲುವಾಂಬ ವಿಲಾಸ ಇಂಥದ್ದೇ ಗತ್ತಿನ ಕಟ್ಟಡ. ರಾಜಕುಮಾರಿಗೆಂದು ಕಟ್ಟಿಸಿದ ಅರಮನೆ 1950ರಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆಯಿತು. ಇನ್ಫೋಸಿಸ್ಸಿನ ಮೈಸೂರು ಕ್ಯಾಂಪಸ್ಸಿನಲ್ಲಿ ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್ ವಿನ್ಯಾಸ ಮಾಡಿದ ತರಬೇತಿ ಕೇಂದ್ರ ಅದೇ ಗತ್ತಿನ ಹೊಸ ಅವತಾರ.

ಈ ಮಾದರಿಯ ಶಕ್ತಿ ನಿಜ. ಒಳಗೆ ಕಾಲಿಟ್ಟವನಿಗೆ ಯಾವುದು ಮುಖ್ಯ ಎಂದು ಯಾರೂ ಹೇಳಬೇಕಾಗಿಲ್ಲ. ಘಟಿಕೋತ್ಸವಕ್ಕೆ, ಬೆಳಗಿನ ಪ್ರಾರ್ಥನೆಗೆ, ಫೋಟೊಗೆ, ಅಡ್ಮಿಷನ್ ಕರಪತ್ರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದಿಟ್ಟುಕೊಂಡರೆ, ಒಂದು ಎಕರೆಗೆ, ಅಂದರೆ 4,047 ಚದರ ಮೀಟರಿಗೆ, 20,000 ಲೀಟರ್ ದಾಟುತ್ತದೆ. ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್, ದಿನಾ. ‘ಹಾಸ್ಟೆಲ್ಲಿನ ಬಳಸಿದ ನೀರನ್ನು ಶುದ್ಧ ಮಾಡಿ ಬಿಡ್ತೀವಿ’ ಎನ್ನುವವರಿದ್ದಾರೆ, ಅದು ಒಳ್ಳೆಯದೇ. ತಲೆಗೆ ದಿನಕ್ಕೆ ನೂರು ಲೀಟರ್ ಬಳಕೆ, ಅದರಲ್ಲಿ ಎಂಬತ್ತು ಮರಳಿ ಬಂತೆಂದರೆ ಮುನ್ನೂರು ಮಕ್ಕಳ ಹಾಸ್ಟೆಲ್ ಸುಮಾರು ಒಂದು ಎಕರೆ ಲಾನನ್ನು ಸಾಕಬಲ್ಲದು. ತೊಡಕು ಏನೆಂದರೆ ಹುಲ್ಲಿಗೆ ಬಾಯಾರಿಕೆ ಹೆಚ್ಚುವುದು ಏಪ್ರಿಲ್–ಮೇನಲ್ಲಿ, ಹಾಸ್ಟೆಲ್ ಖಾಲಿಯಾಗುವುದೂ ಆಗಲೇ.

ಬೃಂದಾವನವನ್ನು ಉದಾಹರಣೆ ಕೊಡುವವರಿಗೆ ನನ್ನದೊಂದು ಉತ್ತರ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ತೋಟಗಾರಿಕೆ ತಜ್ಞ ಕ್ರುಂಬಿಗಲ್ ಕೈ ಹಾಕಿದ ಆ ತೋಟ 1932ರಲ್ಲಿ ಸಿದ್ಧವಾಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಅಚ್ಚುಕಟ್ಟು ನಿಂತಿರುವುದು ಬೆನ್ನ ಹಿಂದೆ ಕನ್ನಂಬಾಡಿ ಕಟ್ಟೆ ಇರುವುದರಿಂದ. ನೀರು ತಾನಾಗಿ ಇಳಿದು ಬರುತ್ತದೆ. ನಿಮ್ಮ ಬೆನ್ನ ಹಿಂದೆ ಏನಿದೆ?

ಇನ್ನೊಂದು ಕೊರತೆ ನೆರಳು. ಗೇಟಿನಿಂದ ಕಟ್ಟಡದವರೆಗಿನ ನೇರ ನೋಟ ಕಾಣಬೇಕೆಂದರೆ ಮರ ಅಡ್ಡ ಬರಬಾರದು. ಹಾಗಾಗಿ ಅಶೋಕವೆಂದು ನಾವು ಕರೆಯುವ ಉದ್ದನೆಯ ಕಂಬದಂಥ ಮರ, ರಾಯಲ್ ಪಾಮ್, ಕತ್ತರಿಸಿದ ಬೇಲಿ ಗಿಡ, ಇಷ್ಟೇ. ಇವುಗಳ ನೆರಳಲ್ಲಿ ಒಂದು ಬೆಕ್ಕು ಮಲಗಬಹುದು. ಆಸೆ ಬಿಡಲಾಗದಿದ್ದರೆ ನಡುವಿನ ಹಾಸನ್ನು ಅರ್ಧ ಎಕರೆಗೆ ಇಳಿಸಿ, ಎರಡು ಬದಿಯ ಕಾಲುದಾರಿಗೆ ಹೊಂಗೆ ಸಾಲು ಕೊಡಿ. ನಡುವೆ ನೋಟವೂ ಉಳಿಯುತ್ತದೆ, ಬದಿಯಲ್ಲಿ ಮಕ್ಕಳೂ ಬದುಕುತ್ತಾರೆ.

ತೊಟ್ಟಿ ಕ್ಯಾಂಪಸ್

ನಮ್ಮ ಹಳೆಯ ತೊಟ್ಟಿಮನೆಯನ್ನು ದೊಡ್ಡದು ಮಾಡಿ, ಒಂದರ ಪಕ್ಕ ಒಂದು ಜೋಡಿಸಿದರೆ ಆಗುವುದು ಇದು. ನಡುವೆ ತೆರೆದ ಅಂಗಳ, ಸುತ್ತ ಪಡಸಾಲೆ, ಪಡಸಾಲೆಗೆ ಬೆನ್ನು ಕೊಟ್ಟು ಕೋಣೆಗಳು. ನೋಡಲೇಬೇಕಾದ್ದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ. ವಾಸ್ತುಶಿಲ್ಪಿ ಬಿ. ವಿ. ದೋಶಿ ನೂರು ಎಕರೆಯಲ್ಲಿ 1977ರಿಂದ 1983ರವರೆಗೆ ಕಟ್ಟಿಸಿದ್ದು. ಫತೇಪುರ್ ಸಿಕ್ರಿಯ ಅಂಗಳಗಳು ಅವರ ಮನಸ್ಸಿನಲ್ಲಿದ್ದವು, ಗೋಡೆಗೆ ಹಾಕಿದ್ದು ಇಲ್ಲಿನದೇ ಬೂದು ಕಲ್ಲು. ಅಲ್ಲಿನ ಓಣಿಗಳಲ್ಲಿ ಕೆಲವು ಕಡೆ ಸೂರಿದೆ, ಕೆಲವು ಕಡೆ ಬರೀ ತೊಲೆಗಳ ಚಪ್ಪರ, ಕೆಲವು ಕಡೆ ಆಕಾಶ. ಚಪ್ಪರದ ಮೇಲೆ ಬಳ್ಳಿ ಹಬ್ಬಿದೆ. ಕಟ್ಟಡ ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದರೆ ಸೋಲುತ್ತೀರಿ. ಒಂದು ಬಿಡುವಿನ ದಿನ ಅನುಮತಿ ಕೇಳಿಕೊಂಡು ನಡೆದಾಡಿ ಬನ್ನಿ. ನಕ್ಷೆಯಲ್ಲಿ ‘ಕಾರಿಡಾರ್’ ಎಂದು ಕಾಣುವುದು ಅಲ್ಲಿ ಮಕ್ಕಳು ನಿಂತು ಮಾತಾಡುವ ಜಗಲಿ.

ಏಪ್ರಿಲ್ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ. ಗಿಡ ಬೆಳೆಯುವವರೆಗೆ ಕಾಯಬೇಕಿಲ್ಲ, ಮೊದಲ ದಿನದಿಂದಲೇ ನೆರಳು. ಪಡಸಾಲೆ ಕ್ಲಾಸಿನ ಗೋಡೆಗೆ ಬಿಸಿಲು ತಾಗದಂತೆ ತಡೆಯುತ್ತದೆ. ಕ್ಲಾಸಿನ ಎರಡೂ ಕಡೆ ಕಿಟಕಿ ಇಟ್ಟರೆ ಗಾಳಿ ಅಂಗಳದಿಂದ ಹೊರಕ್ಕೋ ಹೊರಗಿನಿಂದ ಅಂಗಳಕ್ಕೋ ಆಡುತ್ತಿರುತ್ತದೆ. ಲಾನಿನ ಹಂಗಿಲ್ಲ, ಒಂದು ಅಂಗಳಕ್ಕೆ ಒಂದೋ ಎರಡೋ ಮರ ಸಾಕು. ಸಂಪಿಗೆ ಆಗಬಹುದು, ಬೇವು ಆಗಬಹುದು. ಆಲ, ಅರಳಿ, ಅತ್ತಿ, ಬಸರಿ ಮಾತ್ರ ಬೇಡ. ಅವು ಗೋಡೆಯಿಂದ ನಲವತ್ತು ಅಡಿ ಆಚೆ ಇದ್ದರೇ ಚಂದ, ಇಲ್ಲದಿದ್ದರೆ ಬೇರು ಪಾಯದ ಕುಶಲ ವಿಚಾರಿಸಲು ಬರುತ್ತದೆ.

ತೊಂದರೆ ಮೂರು. ಮೊದಲನೆಯದು ದುಡ್ಡು. ಅಷ್ಟೇ ಕ್ಲಾಸುಗಳಿಗೆ ಗೋಡೆಯ ಉದ್ದ ಹೆಚ್ಚು, ಸೂರು ಹೆಚ್ಚು, ಪಾಯ ಹೆಚ್ಚು. ಟ್ರಸ್ಟಿನ ಲೆಕ್ಕಿಗರು ಪಡಸಾಲೆಯ ಚದರಡಿಯನ್ನು ‘ವೇಸ್ಟ್’ ಎಂದೇ ಬರೆಯುತ್ತಾರೆ. ಅದರ ಅಗಲವನ್ನು ಹತ್ತು ಅಡಿಯಿಂದ ಆರಕ್ಕೆ ಇಳಿಸಿದರೆ ಉಳಿತಾಯವಾಗುತ್ತದೆಂದು ಹೇಳಿದಾಗ ಒಪ್ಪಬೇಡಿ. ಆರಡಿಯದು ಓಡಾಟಕ್ಕೆ ಮಾತ್ರ, ಹತ್ತಡಿಯದು ಕೂರಲೂ ಆಗುತ್ತದೆ, ಮಳೆ ಎರಚಲೂ ಒಳಗೆ ಬರುವುದಿಲ್ಲ. ಉಳಿಸಲೇಬೇಕಾದರೆ ಟೈಲ್ಸಿನಲ್ಲಿ ಉಳಿಸಿ.

ಎರಡನೆಯದು ನೀರು. ಅರವತ್ತಡಿಗೆ ಅರವತ್ತಡಿ ಅಂಗಳದ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಹದಿನಾರು ಸಾವಿರ ಲೀಟರಿಗೂ ಹೆಚ್ಚು. ಸುತ್ತಲ ಸೂರುಗಳೂ ಒಳಮುಖವಾಗಿದ್ದರೆ ಅದರ ಎರಡು ಮೂರು ಪಟ್ಟು. ಹೊರಹೋಗಲು ನಾಲ್ಕಿಂಚಿನ ಒಂದು ಪೈಪ್ ಕೊಟ್ಟು ಸುಮ್ಮನಾದ ಮೇಸ್ತ್ರಿಗಳನ್ನು ನೋಡಿದ್ದೇನೆ. ಅಂಗಳದ ಮಟ್ಟ ಪಡಸಾಲೆಗಿಂತ ಒಂದೂವರೆ ಅಡಿಯಾದರೂ ಕೆಳಗಿರಲಿ, ಎರಡು ಕಡೆ ಮೋರಿ ಇರಲಿ, ಒಂದು ಎಲೆಯಿಂದ ಕಟ್ಟಿಕೊಂಡರೂ ಇನ್ನೊಂದು ಕೆಲಸ ಮಾಡಲಿ. ಆ ನೀರನ್ನು ನೆಲದಡಿಯ ಸಂಪ್ ಟ್ಯಾಂಕಿಗೆ ತಿರುಗಿಸಿದರೆ ಅದೇ ವರಮಾನ. ಸಾವಿರ ಚದರ ಮೀಟರ್ ಸೂರಿನ ಮೇಲೆ ವರ್ಷಕ್ಕೆ 750 ಮಿಲಿಮೀಟರ್ ಮಳೆಯೆಂದರೂ ಏಳೂವರೆ ಲಕ್ಷ ಲೀಟರ್. ಸೋರಿಕೆ, ಆವಿ ಎಲ್ಲ ಕಳೆದು ಆರು ಲಕ್ಷ ಕೈಗೆ ಸಿಕ್ಕೀತು.

ಮೂರನೆಯದು ಸದ್ದು. ಎದುರು ಬದಿಯ ಮೇಷ್ಟ್ರ ಪಾಠ ಈ ಬದಿಯವರಿಗೂ ಉಚಿತ. ಪಾರಿವಾಳಗಳೂ ಬರುತ್ತವೆ, ಅದಕ್ಕೆ ಬಲೆ ಕಟ್ಟುವ ಮುಂಚೆ ಬಾಗುಸೂರಿನ ಸಂದುಗಳನ್ನು ಮುಚ್ಚಿ.

ಮರಗಳ ನಡುವೆ ಬಿಡಿ ಕಟ್ಟಡಗಳು

ಮಾನಸಗಂಗೋತ್ರಿಯಲ್ಲಿ ಓದಿದವರಿಗೆ ವಿವರಿಸುವುದೇ ಬೇಡ. 1960ರಲ್ಲಿ ಶುರುವಾದ, ಕುವೆಂಪು ಹೆಸರಿಟ್ಟ, ಸುಮಾರು 739 ಎಕರೆಯ ಆ ಕ್ಯಾಂಪಸ್ಸಿನಲ್ಲಿ ಒಂದೊಂದು ವಿಭಾಗ ಒಂದೊಂದು ಕಡೆ. ದಿಬ್ಬದ ಮೇಲೆ 1905ರ ಜಯಲಕ್ಷ್ಮಿ ವಿಲಾಸ, ಪಕ್ಕದಲ್ಲಿ ಕುಕ್ಕರಹಳ್ಳಿ ಕೆರೆ. ನೆಲ ಹೇಗೆ ಏರಿಳಿದಿದೆಯೋ ಹಾಗೆಯೇ ರಸ್ತೆಗಳೂ ಏರಿಳಿದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೇ ಜಾತಿ. ಮುಖ್ಯ ಕಟ್ಟಡ ಗತ್ತಿನದಾದರೂ ಮಿಕ್ಕದ್ದೆಲ್ಲ ಮರಗಳ ಮರೆಯಲ್ಲಿ. 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅಲ್ಲಿ ಕಟ್ಟಿದ ಕಟ್ಟಡಗಳಲ್ಲಿ ಬಿಸಿಲು, ಗಾಳಿಯ ಲೆಕ್ಕ ಗೋಡೆಯ ಮೇಲೇ ಓದುವಷ್ಟು ಸ್ಪಷ್ಟ.

ದುಡ್ಡು ಕಂತಿನಲ್ಲಿ ಬರುವವರಿಗೆ ಇದರಷ್ಟು ಅನುಕೂಲ ಇನ್ನೊಂದಿಲ್ಲ. ಈ ವರ್ಷ ಒಂದು ಬ್ಲಾಕ್, ಮೂರು ವರ್ಷ ಬಿಟ್ಟು ಇನ್ನೊಂದು. ಅರ್ಧ ಕಟ್ಟಿದ್ದು ಎಂದೂ ಅನ್ನಿಸುವುದಿಲ್ಲ, ಏಕೆಂದರೆ ಮರ ನಡುವಿನ ಸಂದನ್ನು ತುಂಬುತ್ತದೆ. ಹಳೆಯ ಹುಣಸೆ, ನೇರಳೆ, ಮಾವು ಇದ್ದರೆ ಅವನ್ನು ಬಿಟ್ಟು ಕಟ್ಟಬಹುದು. (ಕಡಿಯುತ್ತೇನೆಂದರೂ ಸುಲಭವಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯಿದೆಯಿದೆ, ವೃಕ್ಷಾಧಿಕಾರಿಯ ಅನುಮತಿ ಬೇಕು.) ಹತ್ತನೇ ವರ್ಷದ ಪರೀಕ್ಷೆಯಲ್ಲಿ ಇದು ತಾನಾಗಿ ಪಾಸ್. ಲಾನ್ ವರ್ಷ ಕಳೆದಂತೆ ಸೊರಗುತ್ತದೆ, ಹೊಂಗೆ ವರ್ಷ ಕಳೆದಂತೆ ಅಗಲವಾಗುತ್ತದೆ.

ಮರದ ಆಯ್ಕೆಯಲ್ಲಿ ಒಂದು ಮಾತು. ಗುಲ್ಮೊಹರ್ ಎಲ್ಲರಿಗೂ ಇಷ್ಟ, ಆದರೆ ಬೇಸಿಗೆ ಏರುವಾಗ ಎಲೆಯುದುರಿಸಿ ಬೋಳಾಗಿ ನಿಲ್ಲುತ್ತದೆ, ಗಾಳಿಗೆ ಕೊಂಬೆ ಸುಲಭವಾಗಿ ಮುರಿಯುತ್ತದೆ. ಹೊಂಗೆ ಎಲೆ ಉದುರಿಸಿದರೂ ಯುಗಾದಿಯ ಹೊತ್ತಿಗೆ ಮತ್ತೆ ಹಸಿರು ಹೊದ್ದಿರುತ್ತದೆ. ಮಳೆಮರದ ನೆರಳು ರಾಜನದು, ಆದರೆ ಅದರ ಕೆಳಗೆ ಕಾರು ನಿಲ್ಲಿಸುವವರು ಕೊಂಬೆ ಸವರಿಸುವ ಖರ್ಚನ್ನು ಬಜೆಟ್ಟಿನಲ್ಲಿ ಇಡಬೇಕು. ಗುಲ್ಮೊಹರ್ ಬೇಕೇ ಬೇಕೆಂದರೆ ದಾರಿಯಿಂದ ದೂರ, ಕಿಟಕಿಯಿಂದ ಕಾಣುವಂತೆ ನೆಡಿ.

ಈಗ ಕಷ್ಟಗಳು. ನಾನೂರು ಮೀಟರ್ ನಡೆಯಲು ಐದಾರು ನಿಮಿಷ ಬೇಕು. ಸ್ನಾತಕೋತ್ತರ ವಿದ್ಯಾರ್ಥಿ ದಿನವಿಡೀ ತನ್ನ ವಿಭಾಗದಲ್ಲೇ ಇರುತ್ತಾನೆ, ಅವನಿಗೆ ಇದು ಸಮಸ್ಯೆಯಲ್ಲ. ಗಂಟೆ ಹೊಡೆದ ಕೂಡಲೇ ಫಿಸಿಕ್ಸ್ ಲ್ಯಾಬಿನಿಂದ ಕನ್ನಡ ಕ್ಲಾಸಿಗೆ ಓಡಬೇಕಾದ ಪದವಿ ಕಾಲೇಜಿನ ಹುಡುಗನಿಗೆ ಸಮಸ್ಯೆಯೇ. ಈ ಒಂದು ವ್ಯತ್ಯಾಸ ನೋಡದೆ ಗಂಗೋತ್ರಿಯ ಮೇಲಿನ ಪ್ರೀತಿಯಿಂದ ಪದವಿ ಕಾಲೇಜನ್ನು ಚೆದುರಿಸಿ ಕಟ್ಟಿದವರಿದ್ದಾರೆ. ಪೈಪು, ಕೇಬಲ್ಲು, ರಸ್ತೆ ಎಲ್ಲವೂ ಉದ್ದ. ಏರಿಳಿತ ಇರುವಲ್ಲಿ ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದರ ಇಳಿಜಾರು ಬೇಕು, ಅಂದರೆ ಮೂರಡಿ ಎತ್ತರ ಏರಲು ಮೂವತ್ತಾರು ಅಡಿ ರ‍್ಯಾಂಪ್. ರಾತ್ರಿಯ ದಾರಿಗೆ ದೀಪ ಇರಲೇಬೇಕು, ಬದಿಯ ಪೊದೆ ಮೊಣಕಾಲಿಗಿಂತ ಮೇಲೆ ಬರಬಾರದು. ಹಾವಿನ ಮಾತು ಬಿಡಿ, 2024ರ ಕೊನೆಯ ದಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲೇ ಚಿರತೆ ಕಾಣಿಸಿತು.

ಕುಕ್ಕರಹಳ್ಳಿ ಕೆರೆಯ ಬಗ್ಗೆಯೂ ಇಲ್ಲೇ ಹೇಳಬೇಕು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು. ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಊರು ಬೆಳೆದಂತೆ ಅಲ್ಲಲ್ಲಿ ಮುಚ್ಚಿಹೋಯಿತು. ಕೆರೆ ಕಾಂಪೌಂಡಿನ ಒಳಗಿದ್ದರೆ ಸಾಲದು, ಅದರ ನೀರಿನ ದಾರಿ ಕಾಂಪೌಂಡಿನ ಹೊರಗಿರುತ್ತದೆ. ನಿಮ್ಮ ಜಮೀನಿನಲ್ಲಿ ಕಟ್ಟೆಯೋ ಕುಂಟೆಯೋ ಇದ್ದರೆ ಮೇಲಿನ ನಾಲ್ಕು ಹೊಲದವರೆಗೆ ನಡೆದು ನೋಡಿ ಬನ್ನಿ.

ಒಂದೇ ಗಟ್ಟಿ ಕಟ್ಟಡ

ಜಾಗ ಕಡಿಮೆ ಇದ್ದವರಿಗೆ ಬೇರೆ ದಾರಿಯಿಲ್ಲ, ಕೀಳರಿಮೆಯೂ ಬೇಕಿಲ್ಲ. ಒಂದು ಲಕ್ಷ ಚದರಡಿಯನ್ನು ನೆಲದ ಮೇಲೇ ಹರಡಿದರೆ ಎರಡೂಕಾಲು ಎಕರೆಗೂ ಹೆಚ್ಚು ಬೇಕು. ನಾಲ್ಕು ಅಂತಸ್ತಿಗೆ ಏರಿಸಿದರೆ ಅರ್ಧ ಎಕರೆಗಿಂತ ಸ್ವಲ್ಪ ಹೆಚ್ಚು ಸಾಕು. ಪಾಯ, ಸೂರು, ಪೈಪು ಎಲ್ಲವೂ ಅಗ್ಗ. ಉಳಿದ ನೆಲ ಮರಕ್ಕೆ ಬಿಡಬಹುದು. ಆದರೆ ಬಿಡುವುದಿಲ್ಲ, ಪಾರ್ಕಿಂಗ್ ನುಂಗುತ್ತದೆ. ತಿರುಗಿಸುವ ಜಾಗ ಸೇರಿ ಕಾರಿಗೆ ಸುಮಾರು 270 ಚದರಡಿ, ನೂರು ಕಾರಿಗೆ ಅರ್ಧ ಎಕರೆ ದಾಟಿತು. ಅಲ್ಲಿಗೆ ಕಟ್ಟಡದಷ್ಟೇ ಜಾಗ ಕಾರಿಗೂ ಹೋಯಿತು. ಕಟ್ಟಡದ ಉದ್ದ ಮುಖಗಳನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿ, ಮೆಟ್ಟಿಲು, ಲಿಫ್ಟ್, ಶೌಚಾಲಯಗಳನ್ನು ಪಶ್ಚಿಮಕ್ಕೆ ತಳ್ಳಿ, ಕಿಟಕಿಗೆ ಎರಡಡಿ ಸಜ್ಜಾ ಕೊಟ್ಟರೆ ಏಪ್ರಿಲ್ ಅಷ್ಟು ಕಾಡುವುದಿಲ್ಲ.

ಮಂಡ್ಯದ ಗದ್ದೆಗೆ ಬೇರೆಯೇ ಲೆಕ್ಕ

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆ ಕೊಂಡು ಕನ್ವರ್ಷನ್ ಮಾಡಿಸಿಕೊಂಡವರು ಮೇಲಿನ ನಾಲ್ಕರಲ್ಲಿ ಯಾವುದನ್ನು ಆರಿಸುವ ಮೊದಲೂ ಒಂದು ಕೆಲಸ ಮಾಡಬೇಕು. ನಾಲೆಯಲ್ಲಿ ನೀರು ಬಿಟ್ಟಾಗ ಒಮ್ಮೆ, ನಿಲ್ಲಿಸಿ ತಿಂಗಳಾದ ಮೇಲೆ ಇನ್ನೊಮ್ಮೆ, ಅಲ್ಲಲ್ಲಿ ಆರಡಿ ಗುಂಡಿ ತೋಡಿ ನೀರು ಎಷ್ಟು ಮೇಲಿದೆ ನೋಡಬೇಕು. ಮಾರುವವರು ಬೇಸಿಗೆಯಲ್ಲೇ ಜಾಗ ತೋರಿಸುತ್ತಾರೆ, ಯಾಕೆಂದು ಆಗ ಗೊತ್ತಾಗುತ್ತದೆ. ಎರೆಮಣ್ಣಾದರೆ ಇನ್ನೂ ಎಚ್ಚರ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಸೀಳಿ ಗೋಡೆಯನ್ನು ಎಳೆದಾಡುತ್ತದೆ.

ನೆಲಮಾಳಿಗೆಯ ಆಸೆ ಬಿಡಿ. ಇಡೀ ಗದ್ದೆಗೆ ಮಣ್ಣು ತುಂಬಿಸುವುದಕ್ಕಿಂತ ಕಟ್ಟಡ ಕೂರುವ ಭಾಗವನ್ನಷ್ಟೇ ಎತ್ತರಿಸಿ. ಆ ಮಣ್ಣನ್ನು ತಗ್ಗಿನ ಮೂಲೆಯಿಂದಲೇ ತೆಗೆದರೆ ಅಲ್ಲಿ ಹೊಂಡ ಆಗುತ್ತದೆ. ಹೊಂಡದ ದಡಕ್ಕೆ ಹೊಳೆಮತ್ತಿ, ನೇರಳೆ, ಹೊಂಗೆ ಹೊಂದಿಕೊಳ್ಳುತ್ತವೆ. ನೀರು ನಿಲ್ಲುವಲ್ಲಿ ಸಿಲ್ವರ್ ಓಕ್ ನೆಟ್ಟು ಒಣಗಿತೆಂದು ಗೊಣಗಬೇಡಿ. ಕೆಳಗಿನ ರೈತರ ಬಸಿಗಾಲುವೆ ನಿಮ್ಮ ಜಮೀನಿನಲ್ಲಿ ಹಾದಿದ್ದರೆ ಅದನ್ನು ಮುಟ್ಟಬೇಡಿ. ಕಾಂಪೌಂಡು ಕಟ್ಟುವ ಮುಂಚೆಯೇ ಅವರ ಜತೆ ಕೂತು ಮಾತಾಡಿ.

ಕೇಳಿದ ಮೂವರಿಗೆ ನಾನು ಹೇಳಿದ್ದು

ಆರು ಎಕರೆಯವರಿಗೆ: ಗಟ್ಟಿ ಕಟ್ಟಡವೇ ಸರಿ, ಆದರೆ ನಡುವೆ ಒಂದು ತೊಟ್ಟಿ ಬಿಟ್ಟು ಮೂರು ಅಂತಸ್ತಿಗೆ ನಿಲ್ಲಿಸಿ. ಮೂರಂತಸ್ತಿನ ಎತ್ತರಕ್ಕೆ ಅಂಗಳದ ಅಗಲ ಐವತ್ತು–ಅರವತ್ತು ಅಡಿ ಇರಲಿ, ಕಡಿಮೆಯಾದರೆ ಬಾವಿಯಂತಾಗುತ್ತದೆ. ಸ್ಕೂಟರ್, ಬೈಕುಗಳನ್ನು ಗೇಟಿನ ಬಳಿಯೇ ಹೊಂಗೆ ಸಾಲಿನ ಕೆಳಗೆ ನಿಲ್ಲಿಸಿ, ಒಳಗೆ ಬಿಡಬೇಡಿ. ಇವರಿಗೆ ಲಾನ್ ಬೇಡವೆಂದೇ ಹೇಳಿದೆ. ಆಟದ ಮೈದಾನದ ಕೆಂಪು ಮಣ್ಣು ಸಾಕು.

ಗದ್ದೆಯವರಿಗೆ: ತೊಟ್ಟಿ ಮಾದರಿ, ಎತ್ತರಿಸಿದ ದಿಣ್ಣೆಯ ಮೇಲೆ ಎರಡೇ ಅಂತಸ್ತು, ಒಂದಕ್ಕೊಂದು ಅಂಟಿದ ಮೂರು ಅಂಗಳ. ಮೊದಲ ಅಂಗಳ ಈಗ, ಮಿಕ್ಕೆರಡು ದುಡ್ಡು ಬಂದಂತೆ. ಹಣ ಸಾಲದೆ ಹೋದರೆ ಮುಖಮಂಟಪದ ಕಂಬಗಳನ್ನು ಕೈಬಿಡಿ, ಪಡಸಾಲೆಯನ್ನಲ್ಲ. ತಗ್ಗಿನ ಐದು ಎಕರೆಯಲ್ಲಿ ಏನೂ ಕಟ್ಟದೆ ಹೊಂಡ ಮತ್ತು ತೋಪು. ಕೃಷಿ ಡಿಪ್ಲೊಮಾ ತೆರೆಯುವ ಯೋಚನೆ ಇದೆಯೆಂದರು, ಹಾಗಿದ್ದರೆ ಎರಡು ಎಕರೆ ಭತ್ತವನ್ನೂ ಹಾಗೇ ಬಿಡಲಿ.

ಅರವತ್ತು ಎಕರೆಯವರ ಜತೆ ವಾದ ಹೆಚ್ಚಾಯಿತು. ಅವರಿಗೆ ಗೇಟಿನಿಂದ ಆಡಳಿತ ಕಟ್ಟಡದವರೆಗೆ ಅರ್ಧ ಕಿಲೋಮೀಟರ್ ನೇರ ರಸ್ತೆ, ಎರಡೂ ಕಡೆ ಲಾನ್ ಬೇಕು. ಅವರಲ್ಲಿ ಸ್ನಾತಕೋತ್ತರ ವಿಭಾಗಗಳೇ ಹೆಚ್ಚಾದ್ದರಿಂದ ಮರಗಳ ನಡುವೆ ಬಿಡಿ ಕಟ್ಟಡಗಳೇ ಹೊಂದುತ್ತವೆ ಎಂದೆ. ಎಲ್ಲ ವಿಭಾಗವೂ ಲೈಬ್ರರಿಯಿಂದ ನಾನೂರು ಮೀಟರಿನೊಳಗೆ ಇರಲಿ, ನಡುವಣ ದಾರಿಗಳಿಗೆ ಸೂರು ಬೇಡ, ಮರ ಸಾಕು. ಪದವಿ ಕೋರ್ಸು ಆಮೇಲೆ ಬಂದರೆ ಅದಕ್ಕೊಂದು ತೊಟ್ಟಿ ಬ್ಲಾಕ್. ಗತ್ತು ಬೇಕೇ ಬೇಕೆಂದರೆ ಲೈಬ್ರರಿಯ ಮುಂದೆ ಅರ್ಧ ಎಕರೆ ಹುಲ್ಲು, ಘಟಿಕೋತ್ಸವಕ್ಕೆ ಅಷ್ಟು ಧಾರಾಳ. ರಸ್ತೆಗಳ ಗೆರೆ ಗುರುತಾದ ಕೂಡಲೇ, ಪಾಯ ತೆಗೆಯುವುದಕ್ಕೂ ಮೊದಲಿನ ಜೂನಿನಲ್ಲೇ, ಇಪ್ಪತ್ತೈದು ಅಡಿಗೊಂದು ಹೊಂಗೆ, ನಡುನಡುವೆ ಬೇವು ನೆಟ್ಟು ಬೇಲಿ ಕಟ್ಟಿ ಎಂದೆ. ಕಟ್ಟಡ ಮುಗಿದು ಮಕ್ಕಳು ಬರುವ ಹೊತ್ತಿಗೆ ಗಿಡಕ್ಕೆ ನಾಲ್ಕು ಮಳೆಗಾಲ ಆಗಿರುತ್ತದೆ. ಸಸಿಗೆ ಒಪ್ಪಿದರು. ಗೇಟಿನ ಆರ್ಚು ಎಷ್ಟು ಎತ್ತರ ಇರಬೇಕೆಂಬ ಮಾತು ಮಾತ್ರ ಇನ್ನೂ ಮುಗಿದಿಲ್ಲ, ಮುಂದಿನ ವಾರ ಮತ್ತೆ ಕರೆದಿದ್ದಾರೆ.